ತೋಳದ ಸೀಮೆಯ ಬೆಳಗು

ಪಾಂಡವಪುರ ದಾಟಿ ಜಕ್ಕನಹಳ್ಳಿಯಲ್ಲಿ ಎಡಕ್ಕೆ ಹೊರಳಿದರೆ ನಾಲೆ ನೀರಿನ ಸೊಕ್ಕು ಇಳಿಯುತ್ತದೆ. ಕಬ್ಬು, ಭತ್ತ ಹಿಂದುಳಿದು ಬಂಡೆ, ಕುರುಚಲು, ಕೆಮ್ಮಣ್ಣು ಎದುರಾಗುತ್ತವೆ. ಬಸ್ಸಿನಲ್ಲಿದ್ದವರೆಲ್ಲ ಚೆಲುವನಾರಾಯಣನ ದರ್ಶನಕ್ಕೆ, ಆಮೇಲೆ ಪುಳಿಯೋಗರೆಗೆ ಹೊರಟವರು. ನಾವು ಬಂದಿರುವುದು ತೋಳದ ಮನೆ ನೋಡಲು.

ಹೌದು, ತೋಳ! ಮೇಲುಕೋಟೆಯ ಸುತ್ತಲಿನ ಸುಮಾರು 50 ಚದರ ಕಿಲೋಮೀಟರ್ ಕಾಡು 1974ರಲ್ಲಿ ವನ್ಯಧಾಮವಾದದ್ದು ಮುಖ್ಯವಾಗಿ ಇದಕ್ಕಾಗಿ. ಹುಲಿ, ಆನೆಗೆ ಧಾಮಗಳು ಬೇಕಾದಷ್ಟಿವೆ. ಕುರಿ ಕದಿಯುವ ಈ ಕಳ್ಳನಿಗೂ ಒಂದು ಸಿಕ್ಕಿತಲ್ಲ ಎಂದು ನನಗಂತೂ ಖುಷಿ.

ರಾಯಗೋಪುರದ ಎತ್ತರದ ಕಂಬಗಳ ನಡುವೆ ಗಾಳಿ ಸುಯ್ಯೆನ್ನುತ್ತಿದೆ. ಯಾವ ದೊರೆಯ ಕಾಲಕ್ಕೋ ನಿಂತುಹೋದ ಕೆಲಸ, ಮುಗಿಯದೆಯೇ ಚೆಂದವಾಗಿದೆ. ಪಶ್ಚಿಮದತ್ತ ನೋಡಿ: ಗುಡ್ಡದ ಹಿಂದೆ ಗುಡ್ಡ, ನೀಲಿಯ ಹಿಂದೆ ನೀಲಿ. ಆ ಕಡೆಯೇ ಕೆ.ಆರ್. ಪೇಟೆಯ ನಾರಾಯಣದುರ್ಗ, ಅದೂ ಇದೇ ಧಾಮದ ಪಾಲು.

ಇಳಿಜಾರಿನಲ್ಲಿ ಕಾರೆಮುಳ್ಳು ಅಂಗಿ ಹಿಡಿದೆಳೆಯುತ್ತದೆ. ಎಲಚಿ, ಜಾಲಿ, ತಂಗಡಿಯ ಹಳದಿ ಹೂ. ಪೊದೆಯೊಳಗಿಂದ ಗೌಜಲಕ್ಕಿ ಒಂದೇ ಸಮನೆ ಕೂಗುತ್ತದೆ, ಅದಕ್ಕೆ ಎಲ್ಲಿಂದಲೋ ನವಿಲಿನ ಕೇಕೆ. ಕಾದ ಬಂಡೆಯ ನೆತ್ತಿಯಲ್ಲಿ ಗಂಡು ಓತಿಕೇತ, ಬೆನ್ನು ಕೆಂಪು, ಮೈ ಕಪ್ಪು, ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತೆ! ನಮ್ಮನ್ನು ಕಂಡು ತಲೆ ಕುಣಿಸುತ್ತದೆಯೇ ಹೊರತು ಜಾಗ ಬಿಡುವುದಿಲ್ಲ.

ಕುರಿ ಮೇಯಿಸುವ ಅಜ್ಜ ಸಿಗುತ್ತಾರೆ. ತೋಳ ಉಂಟೇ ಎಂದರೆ ಬೀಡಿ ಆರಿಸಿ, "ಮೊದ್ಲು ಮರಿ ಹೊತ್ಕೊಂಡು ಓಡೋವು. ಈಗೀಗ ಚಿರತೆ ಕಾಟವೇ ಜಾಸ್ತಿ ಕನಾ ಸ್ವಾಮಿ" ಎನ್ನುತ್ತಾರೆ. ಆ ಮಾತಿನಲ್ಲಿ ತೋಳದ ಮೇಲೆ ಸಿಟ್ಟಿಲ್ಲದ್ದು ನನಗೆ ಅಚ್ಚರಿ. ಕಳ್ಳನಾದರೂ ತಂದೆ ತಾಯಿ ಎರಡೂ ಸೇರಿ ಮರಿ ಸಾಕುವ ಜೀವ ಅದು. ಹೊಟ್ಟೆಯಲ್ಲಿ ಹೊತ್ತು ತಂದ ಮಾಂಸವನ್ನು ಮರಿಗಳ ಮುಂದೆ ಕಕ್ಕಿ ಉಣಿಸುತ್ತದೆ.

ತೋಳ ಕಾಣಲಿಲ್ಲ. ಆದರೆ ಅದಕ್ಕೆ ಬೇಕಾದ್ದೆಲ್ಲ ಕಂಡಿತು: ಅಡಗಲು ಪೊದೆ, ಹಿಡಿಯಲು ಮೊಲ, ಮರಿ ಹಾಕಲು ಬಂಡೆಸಂದು, ಓಡಲು ಬಯಲು. ನೀವೂ ಬನ್ನಿ. ದೇವರ ದರ್ಶನವಾದ ಮೇಲೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಗುಡ್ಡದ ಕಡೆಗೂ ನಡೆಯಿರಿ. ಬೋಳುಗುಡ್ಡ ಎಂದು ಮರುಗಿ ಸಸಿ, ಹಾರೆ ಮಾತ್ರ ತರಬೇಡಿ. ಮರ ಒತ್ತಾದ ಕಡೆ ತೋಳ ನಿಲ್ಲುವುದಿಲ್ಲ.