ಶಕ್ತಿನಗರದ ಹೊಳೆದಂಡೆಯಲ್ಲಿ

ಸೋದರಿಯರೇ, ರಾಯಚೂರಿಗೆ ಬಂದರೆ ಕೋಟೆ ನೋಡಿ ಹಾಗೇ ಹಿಂತಿರುಗಬೇಡಿ. ಹೈದರಾಬಾದ್ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಕೃಷ್ಣೆಯ ದಂಡೆಯಲ್ಲಿ ಶಕ್ತಿನಗರವಿದೆ. ದೇವಸುಗೂರಿನ ಸೂಗೂರೇಶ್ವರನಿಗೆ ಕೈಮುಗಿದು, 1943ರಲ್ಲಿ ಮುಗಿದ ನಿಜಾಮರ ಕಾಲದ ಸೇತುವೆಯನ್ನು ನೋಡಿ, ಹೊಳೆಯ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಎದುರಿಗೇ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳು. 1985ರಲ್ಲಿ ಒಂದು ಘಟಕದಿಂದ ಶುರುವಾಗಿ, ಎಂಟು ಘಟಕಗಳಾಗಿ, 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದದ್ದು. ನಮ್ಮ ಮನೆಯ ಮಿಕ್ಸಿ ತಿರುಗುವುದಕ್ಕೆ ಇದರ ಪಾಲೂ ಉಂಟು. ಕಲ್ಲಿದ್ದಲು ಉರಿದಾಗ ಏಳುವ ಅನಿಲ ಭೂಮಿಯನ್ನು ಬಿಸಿ ಮಾಡುವುದೂ ಅಷ್ಟೇ ನಿಜ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ. ಬಾರದಿದ್ದರೆ ನೆಲ ಬೇಗ ಒಣಗುತ್ತದೆ.

ಈ ಸೀಮೆ ಎರಡನ್ನೂ ಕಂಡಿದೆ. 2009ರ ಅಕ್ಟೋಬರಿನಲ್ಲಿ ದೊಡ್ಡ ನೆರೆ ಬಂತು. 2019ರ ಆಗಸ್ಟಿನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೇ ಮುಳುಗಿತು. ಬೇಸಿಗೆಯಲ್ಲೋ, ಇದೇ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ಆಗ ಎಲ್ಲರ ಕಣ್ಣೂ ನಾರಾಯಣಪುರ ಅಣೆಕಟ್ಟಿನ ಮೇಲೆ.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದೆ. "ಹೊಳಿ ಬಂದ್ರೆ ಹೊಳೀ ಚಿಂತಿ, ಹೋದ್ರೆ ನೀರಿನ ಚಿಂತಿ ನೋಡವ್ವ. ಊರು ಬಿಟ್ಟು ನಡೀರಿ ಅಂತಾರ. ಎಮ್ಮಿ ಬಿಟ್ಟು ಹೆಂಗ ಬರ್ಲಿ? ನಾಳಿ ಹೊಟ್ಟಿಗೇನು?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಲೆಯ ಉರಿ ಒಂದೇ ಇದ್ದರೂ ತಳ ತೆಳುವಾದ ಪಾತ್ರೆ ಮೊದಲು ಸೀಯುತ್ತದೆ ಅಲ್ಲವೇ? ಊರಿನ ಮಾತೂ ಹಾಗೇ. ಇದನ್ನು ಅಳೆಯಲು ತಿಳಿದವರು ಮೂರು ಪ್ರಶ್ನೆ ಕೇಳುತ್ತಾರೆ: ಆಪತ್ತು ಎಷ್ಟು ಹತ್ತಿರ? ತಗುಲಿದರೆ ಪೆಟ್ಟು ಎಷ್ಟು? ಸುಧಾರಿಸಿಕೊಳ್ಳಲು ಕೈಯಲ್ಲಿ ಏನಿದೆ? ಆ ಅಜ್ಜಿಗೆ ಹೊಳೆ ಹತ್ತಿರ, ಆಸರೆ ಒಂದೇ ಎಮ್ಮೆ. ಎಮ್ಮೆಗೂ ಜಾಗವಿದ್ದರೆ ತಾನೇ ಅವರು ಮನೆ ಬಿಟ್ಟಾರು?

ಈ ಲೆಕ್ಕಕ್ಕೆ ದೊಡ್ಡ ಓದು ಬೇಕಿಲ್ಲ. ನಿಮ್ಮ ಓಣಿಯಲ್ಲಿ ತಗ್ಗಿನ ಮನೆ ಯಾರದು, ಒಂಟಿ ಮುದುಕಿ ಯಾರು, ಬಸುರಿ ಯಾರು, ತಗಡಿನ ಮನೆಯಲ್ಲಿ ಬಿಸಿಲಿಗೆ ಬೇಯುವವರು ಯಾರು ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಹಾಳೆಯ ಮೇಲೆ ಬರೆದು ಪಂಚಾಯಿತಿಗೋ ಪುರಸಭೆಗೋ ಕೊಡಿ. ಒಂದು ಪ್ರತಿ ನಿಮ್ಮ ಅಡಿಗೆಮನೆಯ ಗೋಡೆಯ ಮೇಲೂ ಇರಲಿ.