ಪಟ್ಟಿ ಹರಿದ ಮೇಲೆ

ನಮ್ಮ ದಾಳಿಂಬದ ಹುಡುಗನೊಬ್ಬನಿಗೆ ಆಟಿಸಂ. ಮನೆಮಾತು ಕನ್ನಡ, ಕಾಗದಪತ್ರವೆಲ್ಲ ಮರಾಠಿ. 2016ರ ಕಾಯ್ದೆ ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಅದೂ ಒಂದು. ಅರ್ಜಿ ನಾವೇ ತುಂಬಿಕೊಟ್ಟೆವು. ಆದರೆ ಪ್ರಾರ್ಥನೆಯಲ್ಲಿ ಅವನ ಪಕ್ಕ ಯಾರು ಕೂರಬೇಕು?

ಸರದಿ ಪಟ್ಟಿ ಮಾಡಿದೆವು. ತಪ್ಪು ನಮ್ಮದೇ. ಹೊಸ ಮುಖ ಕಂಡಾಗಲೆಲ್ಲ ಹೊರಗೋಡುತ್ತಿದ್ದ. "ವಾರಕ್ಕೊಬ್ರು ಬಂದ್ರ ಅಂವ ಯಾರನ್ನ ನಂಬಬೇಕ್ರಪ್ಪಾ?" ಎಂದರು ತಾಯಿ.

ಬೆಂಗಳೂರಿನ ಆಶಾನಿಕೇತನದಲ್ಲಿ 1970ರಿಂದ ಬೌದ್ಧಿಕ ಅಂಗವೈಕಲ್ಯವುಳ್ಳವರೂ ಸಂಗಡಿಗರೂ ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆ. ನಮಗೆ ಒಂದು ಚಾಪೆಯೂ ಕಷ್ಟವೇ?

ಪಟ್ಟಿ ಹರಿದೆವು. ಈಗ ಅವನ ಜೊತೆ ನಮ್ಮಲ್ಲಿ ಇಬ್ಬರೇ. ಢೋಲಕ್ ಜೋರಾದರೆ ಮೂವರೂ ಬೇವಿನ ಮರದಡಿ. ಅವನು ಬಾರದ ಭಾನುವಾರ ಅವನ ಮನೆಯಲ್ಲೇ ಚಹಾ.

ಕಳೆದ ವಾರ ನಾವು ತಡವಾಗಿ ಹೋದೆವು. ಚಾಪೆಯ ಮೇಲೆ ಎರಡು ಹಾಡಿನ ಪುಸ್ತಕ ಇಟ್ಟು ನಮಗೆ ಜಾಗ ಹಿಡಿದಿದ್ದ.