ನಮ್ಮವ್ವನ ಸಾಲಿಟೇರ್

ನಮ್ಮನ್ಯಾಗ ಇಸ್ಪೀಟ ಎಲಿ ಹೊರಗ ಬರೋದು ಗಣೇಶ ಚೌತಿಗೆ, ಅದೂ ಗಂಡಸರ ಕೈಯಾಗ. ಮೊಮ್ಮಗ ಟ್ಯಾಬಿನ್ಯಾಗ ಸಾಲಿಟೇರ್ ಹಚ್ಚಿ ಕೊಟ್ಟಾಗಿಂದ ಅವ್ವಗ ದಿನಾ ಚೌತಿನ. ಏಳು ಸಾಲಿನ್ಯಾಗ 28 ಎಲಿ, ಉಳಿದ 24 ಕಟ್ಟಿನ್ಯಾಗ. ಎಕ್ಕಾದಿಂದ ರಾಜಾನ ತನಕ ನಾಲ್ಕೂ ಜಾತಿ ಹೊಂದಿಸಿದರ ಗೆದ್ದಂಗ.

ಬರೇ ಆಟ ಆಗಿದ್ದರ ಯಾರ ತಕರಾರೂ ಇದ್ದಿದ್ದಿಲ್ಲ. ಹೋದ ತಿಂಗಳ ಅಪ್ಪನ ಕುತ್ತಿಗ್ಯಾಗಿನ ಗಂಟಿನ ಚೂರು ತಗದು ತಪಾಸಣಿಗೆ ಕಳಿಸಿದ್ರು. ರಿಪೋರ್ಟ್ ಬರಲಿಕ್ಕೆ ಎಂಟು ದಿವಸ. ದೇವರಿಗೆ ಹೂವಿನ ಪ್ರಸಾದ ಕೇಳಿದಂಗ ಅವ್ವ ಸಾಲಿಟೇರಿಗೆ ಕೇಳಲಿಕ್ಕೆ ಹತ್ತಿದ್ಲು. "ಇದೊಂದು ಗೆದ್ದೆ ಅಂದ್ರ ನಿಮ್ಮಪ್ಪಗ ಏನೂ ಆಗಿಲ್ಲ ಅಂತ." ಸೋತಳು. ಮತ್ತ ಹಚ್ಚಿದ್ಲು, ಮತ್ತ ಸೋತಳು. ಮೂರನೇ ದಿವಸ ಊಟಾನೂ ಅರ್ಧಕ್ಕ ಬಿಟ್ಲು.

ಹಿಂಗಾಗಿ ನಾ ಲೆಕ್ಕ ತಗದೆ. ಮೂರು ಮೂರು ಎಲಿ ತಿರುವೋ ಆಟಾನ ಕಂಪ್ಯೂಟರಿಗೆ ಹಚ್ಚಿ ನೋಡ್ಯಾರ. ಬೋರಲ ಬಿದ್ದ ಎಲಿ ಎಲ್ಲಾ ಮೊದಲ ಗೊತ್ತಿದ್ದರ ನೂರಕ್ಕ ಸುಮಾರು 82 ಆಟ ಗೆಲ್ಲಬಹುದು. ಆದರ ನಮಗೆಲ್ಲಿ ಗೊತ್ತಿರ್ತದ? ಸಾಲಿನ್ಯಾಗ 21 ಎಲಿ ಬೋರಲ. ಎರಡು ಕೆಂಪು ಒಂಬತ್ತು ಕಂಡಾಗ ಯಾವುದು ಎತ್ತಬೇಕು ಅನ್ನೋದು ಬರೇ ಅಂದಾಜು. ಗೆಲ್ಲೋ ಆಟಾನೂ ಅಲ್ಲೇ ಕೈ ಬಿಡತದ. ಅವ್ವಂದು ನಾನ ಬರದಿಟ್ಟೆ: 40 ಆಟಕ್ಕ 6. ಹಂಗಂದ್ರ ಅಪ್ಪ ಗಟ್ಟಿಮುಟ್ಟ ಇದ್ರೂ ಈ ದೇವರು ಬಹಳ ಸರತೆ 'ಇಲ್ಲ' ಅಂತನ ಅನ್ನೋದು.

"ಹಂಗಾರ ಫ್ರೀಸೆಲ್ ಆಡು" ಅಂದೆ. ಅದರಾಗ ಎಲ್ಲಾ ಎಲಿ ಕಾಣತಾವ. ಮೈಕ್ರೋಸಾಫ್ಟಿನ ಹಳೇ 32,000 ಆಟದಾಗ ಬಿಡಿಸಲಿಕ್ಕೆ ಆಗಲಾರದ್ದು ಒಂದ, 11982ನೇದ್ದು.

"ಯಾವಾಗಲೂ ಹೂಂ ಅನ್ನೋ ದೇವರಿಗೆ ಏನ್ ಕೇಳೋದೋ?" ಅಂದ್ಲು.

ಆಮ್ಯಾಲೆ ಉಲಾಮ್‌ನ ಕಥಿ ಹೇಳಿದೆ. ಸ್ಟಾನಿಸ್ಲಾವ್ ಉಲಾಮ್ ಅಂತ ಗಣಿತದಾಂವ, 1946ರಾಗ ಮೆದುಳಿನ ಜಡ್ಡಿನಿಂದ ಎದ್ದು ಆರಾಮ ತಗೋತಿದ್ದಾಗ ಇಂಥಾದ್ದ ಒಂದು ಸಾಲಿಟೇರ್, ಕ್ಯಾನ್‌ಫೀಲ್ಡ್, ಆಡಕೋತ ಕೂತಿದ್ದ. ಗೆಲ್ಲೋ ಸಾಧ್ಯತೆ ಎಷ್ಟು ಅಂತ ಸೂತ್ರ ಹಾಕಿ ಹಾಕಿ ಸಾಕಾಗಿ, ನೂರು ಸರತೆ ಆಡಿ ಎಷ್ಟು ಗೆದ್ದೆ ಅಂತ ಎಣಿಸಿದರ ಆತಲ್ಲ ಅಂತ ಹೊಳೀತಂತ. ಅದನ್ನ ಫಾನ್ ನಾಯ್ಮನ್‌ಗ ಹೇಳಿದ. ಮುಂದ ಲಾಸ್ ಅಲಾಮೋಸ್‌ನ್ಯಾಗ ನ್ಯೂಟ್ರಾನ್ ಎಣಿಸಲಿಕ್ಕೆ ಮಾಂಟೆ ಕಾರ್ಲೊ ಪದ್ಧತಿ ಆತು.

ಅವ್ವ ಇಷ್ಟೆಲ್ಲಾ ಕೇಳಿ ಕೇಳಿದ್ದು ಒಂದ: "ಆರಾಮಾದನೇನು ಅಂವ?"

"ಆದ. 1984ರ ತನಕ ಇದ್ದ."

ಬಟ್ಟು ಮಡಚಿ ಎಣಿಸಿದ್ಲು. "ಮೂವತ್ತೆಂಟು ವರ್ಷ," ಅಂದು ತಾಟು ತಗೊಂಡು ಕೂತ್ಲು.

ರಿಪೋರ್ಟ್ ಶುಕ್ರವಾರ ಬಂತು, ಗಂಟು ಸಾದಾದ್ದು. ಗುರುವಾರ ರಾತ್ರಿ ಆಕಿ ಸಾಲಾಗಿ ಮೂರು ಆಟ ಸೋತಿದ್ಲು. ಅದರ ಮಾತು ಈಗ ನಮ್ಮನ್ಯಾಗ ಯಾರೂ ಎತ್ತಂಗಿಲ್ಲ.